ಉಡಿಯೊಳಗಿನ ದಂಗೆಕೋರ

ತಾರ್ನಾಕ

ಪರದೇಶಕ್ಕೆ ಹೋಗಿ ಬಂದವರು ಕಂಡದ್ದನ್ನು ಮೊದಲು ಹೇಳುತ್ತಾರೆ, ಮಾಡಿದ ತಪ್ಪನ್ನು ನುಂಗಿಕೊಳ್ಳುತ್ತಾರೆ. ನಾನು ಅದನ್ನು ತಿರುವಿ ಹಾಕುತ್ತೇನೆ. ಇಸ್ತಾಂಬುಲ್‌ನ ವಿಮಾನ ನಿಲ್ದಾಣದಲ್ಲಿ ನಾನೊಂದು ಸುಳ್ಳು ಹೇಳಿದೆ. ಉದ್ದದ ಸುಳ್ಳಲ್ಲ, ಒಂದೇ ಮಾತಿನದು. ಅದರಿಂದ ನಮ್ಮ ವೈನಿ ಪರದೇಶದ ಜೈಲಿನ ಬಾಗಿಲ ತನಕ ಹೋಗಿ ನಿಂತರು. ಅಣ್ಣನ ಹೆಂಡತಿಗೆ ನಮ್ಮ ಬೀದರ ಕಡೆ ವೈನಿ ಎನ್ನುತ್ತೇವೆ. ತಿಳಿಯದವರಿಗೆ ಹೇಳಿದೆ.

ಹೈದರಾಬಾದಿನ ಕೋಠಿಯಲ್ಲಿ ಔಷಧಗಳ ಸಗಟು ಅಂಗಡಿಯೊಂದರಲ್ಲಿ ನಾನು ಇಪ್ಪತ್ತೆಂಟು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮನೆ ತಾರ್ನಾಕದಲ್ಲಿ. ಅವ್ವ, ಅಣ್ಣ, ವೈನಿ, ನಾನು. ಮದುವೆಯ ಗೊಡವೆಗೆ ನಾನು ಹೋಗಲಿಲ್ಲ. ಅದರ ಬದಲು ಒಂದು ಚಟ ಹಚ್ಚಿಕೊಂಡೆ. ಹಳೆಯ ರೋಮಿನ ನಾಣ್ಯ ಕೂಡಿಸುವ ಚಟ. ಅದರಲ್ಲೂ ಸರಿಯಾದ ಸಾಮ್ರಾಟರದ್ದು ನನಗೆ ಬೇಡ. ದಂಗೆ ಎದ್ದು, ತಾನೇ ದೊರೆ ಎಂದು ಸಾರಿಕೊಂಡು, ಆರು ತಿಂಗಳೋ ವರ್ಷವೋ ಆಳಿ, ತಲೆ ಕಳೆದುಕೊಂಡವರ ನಾಣ್ಯ ಮಾತ್ರ ಬೇಕು. ಹೀಗೆ ಎದ್ದವನು ಮೊದಲು ಮಾಡುವ ಕೆಲಸ ತನ್ನ ಮುಖದ ನಾಣ್ಯ ಹೊಡೆಸುವುದು. ಸಿಂಹಾಸನ ಗಟ್ಟಿಯಾಗುವ ಮೊದಲೇ ನಾಣ್ಯ ಸಂತೆಗೆ ಬಂದಿರುತ್ತದೆ. ಅವನು ಸತ್ತ ಮೇಲೆ ಗೆದ್ದವನು ಅವನ ವಿಗ್ರಹ ಒಡೆಸಿ ಹೆಸರು ಅಳಿಸುತ್ತಾನೆ. ಆದರೆ ಯಾವನೋ ಒಕ್ಕಲಿಗ ಗಡಿಗೆಯಲ್ಲಿ ಹೂತಿಟ್ಟ ಬಿಲ್ಲೆಗಳನ್ನು ಯಾರು ಹುಡುಕಿ ಅಳಿಸುತ್ತಾರೆ? ಮಂತ್ರಿಗಳು ಸುಲ್ತಾನರನ್ನು ಗೊಂಬೆಯ ಹಾಗೆ ಕೂರಿಸಿ ಕೊನೆಗೆ ತಾವೇ ಗಾದಿ ಹತ್ತಿದ ಬೀದರ ಕೋಟೆಯ ನೆರಳಲ್ಲಿ ಬೆಳೆದವಳು ನಾನು. ಇಂಥವರ ಮೇಲೆ ನನಗೆ ಸಲಿಗೆ ಸಹಜ.

ನನ್ನ ಬಳಿ ಇಂಥವು ಹದಿನಾಲ್ಕಿದ್ದವು. ಒಂದೊಂದನ್ನೂ ಗುಳಿಗೆ ಹಾಕಿಕೊಡುವ ಪುಟ್ಟ ಕಾಗದದ ಚೀಟಿಯಲ್ಲಿಟ್ಟು, ಮೇಲೆ ಹೆಸರು ಬರೆದು ಕಪಾಟಿನಲ್ಲಿ ಇಡುತ್ತಿದ್ದೆ. ಅವುಗಳಲ್ಲಿ ನನಗೆ ತೀರ ಹತ್ತಿರದವನು ಪ್ರೊಕೋಪಿಯಸ್. ಸಾವಿರದ ಆರುನೂರು ವರ್ಷಗಳ ಹಿಂದೆ ಇಸ್ತಾಂಬುಲ್ ಇನ್ನೂ ಕಾನ್‌ಸ್ಟಾಂಟಿನೋಪಲ್ ಆಗಿದ್ದಾಗ, ದೊರೆ ವ್ಯಾಲೆನ್ಸ್ ಊರಲ್ಲಿಲ್ಲದ ಹೊತ್ತು ನೋಡಿ ಗಾದಿ ಹಿಡಿದವನು. ಅಷ್ಟರವರೆಗೆ ಜೀವಭಯದಿಂದ ಅಡಗಿಕೊಂಡು ಬದುಕಿದ್ದ ಮನುಷ್ಯ. ಪಟ್ಟಾಭಿಷೇಕಕ್ಕೆ ರಾಜರ ನೇರಳೆ ಬಣ್ಣದ ನಿಲುವಂಗಿ ಕೂಡ ಸಿಗಲಿಲ್ಲವಂತೆ, ಆ ಬಣ್ಣದ ಒಂದು ಬಟ್ಟೆ ತುಂಡನ್ನು ಕೈಯಲ್ಲಿ ಹಿಡಿದು ನಿಂತನಂತೆ. ಎಂಟು ತಿಂಗಳು ಆಳಿದ. ನಾಣ್ಯದ ಮೇಲೆ ಎಡಕ್ಕೆ ತಿರುಗಿದ ಅವನ ಮುಖ, ಗಲ್ಲದ ಮೇಲೆ ಚಿಕ್ಕ ಗಡ್ಡ. ಹಿಂಬದಿಯಲ್ಲಿ ಸುಖದ ದಿನ ಮರಳಿ ಬಂತೆಂಬ ಬರಹ. ನಾನು ಲಂಡನ್ನಿನ ವ್ಯಾಪಾರಿಯೊಬ್ಬನಿಂದ ಅಂಚೆಯಲ್ಲಿ ತರಿಸಿಕೊಂಡಿದ್ದೆ. ಗಡ್ಡದ ಕೆಳಗೆ ಅಂಚಿನಲ್ಲಿ ಒಂದು ಕಚ್ಚು ಇತ್ತು, ಇಲಿ ಕಡಿದ ಹಾಗೆ.

ಅವನ ಊರು ನೋಡಬೇಕೆಂಬ ಆಸೆಗೆ ರಜೆ ಕೂಡಿಸಿಟ್ಟೆ. ಅಣ್ಣ ಜೊತೆಗೆ ಬರುವವನಿದ್ದ. ಮೊಣಕಾಲು ಕೈಕೊಟ್ಟಿತು. ಅವನ ಬದಲು ವೈನಿ ಹೊರಟರು. ಅರವತ್ತೆರಡು ವಯಸ್ಸಿಗೆ ಅವರು ಅಲ್ಲಿಯವರೆಗೆ ಹೋದ ಅತಿ ದೂರದ ಊರು ತುಳಜಾಪುರ.

ಹಳೆಯ ನಾಣ್ಯವನ್ನು ಅಪ್ಪಣೆಯಿಲ್ಲದೆ ನಮ್ಮ ದೇಶದಿಂದ ಹೊರಗೆ ಒಯ್ಯಬಾರದು, ಆ ದೇಶದಿಂದಂತೂ ತರಲೇಬಾರದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಹದಿಮೂರನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಪ್ರೊಕೋಪಿಯಸ್ಸನ ಫೋಟೋ ಒಂದಿರಲಿ, ಅಲ್ಲಿನ ಮ್ಯೂಸಿಯಮ್ಮಿನ ನಾಣ್ಯದ ಜೊತೆ ಹೋಲಿಸಿ ನೋಡೋಣವೆಂದು ಹಿಂದಿನ ದಿನ ಅವನನ್ನು ಊಟದ ಮೇಜಿನ ಮೇಲೆ, ಕನ್ನಡ ಪತ್ರಿಕೆಯ ಹಾಳೆಯ ಮೇಲಿಟ್ಟು ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಮತ್ತೆ ಕಪಾಟಿಗೆ ಹಾಕಿದೆ ಎಂದೇ ನನ್ನ ನೆನಪು. ಹಾಕಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅವ್ವ ಒಂದು ಹಟ ಹಿಡಿದಳು. ಮನೆಯ ಸೊಸೆ ಸೀಮೆ ದಾಟುತ್ತಿದ್ದಾಳೆ, ಉಡಿ ತುಂಬದೆ ಕಳಿಸುವುದಿಲ್ಲ. ತಾಟಿನಲ್ಲಿ ಅಕ್ಕಿ, ಕುಬಸದ ಖಣ, ಅರಿಷಿಣ ಕೊಂಬು, ಅಡಿಕೆ, ಉತ್ತತ್ತಿ ಎಲ್ಲ ಹೊಂದಿಸಿದಳು. ಎದುರು ಮನೆಯ ಮುತ್ತೈದೆ ಬಂದು ವೈನಿಯ ಸೆರಗಿಗೆ ಉಡಿ ತುಂಬಿದರು. ನಾನು ಒಳಗೆ ಸೂಟ್‌ಕೇಸಿನ ಬೀಗದ ಜೊತೆ ಗುದ್ದಾಡುತ್ತಿದ್ದೆ.

"ತಾಮ್ರದ ದುಡ್ಡೊಂದು ಬೇಕಾಗಿತ್ತಲ್ಲ," ಎಂದು ಅವ್ವ ಹೊರಗೆ ಗೊಣಗುವುದು ಕೇಳಿಸಿತು. "ಸ್ಟೀಲಿನ ರೂಪಾಯಿ ಉಡಿಗೆ ಹಾಕೂದಂದ್ರ ದೇವರಿಗೆ ಪ್ಲಾಸ್ಟಿಕ್ ಹೂ ಏರಿಸಿದಂಗ."

ಆಮೇಲೆ ಗೊಣಗಾಟ ನಿಂತಿತು. ಸಿಕ್ಕಿರಬೇಕು ಎಂದುಕೊಂಡೆ. ಎಲ್ಲಿ ಸಿಕ್ಕಿತು ಎಂದು ನಾನು ಕೇಳಲಿಲ್ಲ.

ವೈನಿ ಅದನ್ನೆಲ್ಲ ಖಣದಲ್ಲಿ ಗಂಟು ಕಟ್ಟಿ ಕೈಚೀಲದ ತಳಕ್ಕೆ ಇಟ್ಟುಕೊಂಡರು.

"ವಿಮಾನದಾಗ ಅಕ್ಕಿ ಯಾಕ್ರಿ ವೈನಿ?"

"ತಿರುಗಿ ಬಂದು ದೇವರ ಮುಂದ ಬಿಚ್ಚೂ ತನಕ ಇದು ನನ್ನ ಜೋಡಿ ಇರತೈತಿ. ನೀ ಸುಮ್ಮನಿರು."

ಹತ್ತು ಕಿಲೋ ತೂಗುವ ಕೈಚೀಲದಲ್ಲಿ ಪಾವಕ್ಕಿ ಯಾವ ಲೆಕ್ಕ ಎಂದು ನಾನೂ ಸುಮ್ಮನಾದೆ.

ಇಳಿದ ಊರು

ಗಲ್ಫಿನಲ್ಲಿ ವಿಮಾನ ಬದಲಿಸಿ ಇಸ್ತಾಂಬುಲ್‌ಗೆ ಇಳಿದಾಗ ಸಂಜೆಯಾಗಿತ್ತು. ಇಂಗ್ಲಿಷ್ ಬಲ್ಲವಳು ನಾನು, ವೈನಿಯನ್ನು ಕೈ ಹಿಡಿದು ನಡೆಸಬೇಕಾದವಳು ನಾನು ಎಂಬ ಗತ್ತಿನಲ್ಲಿ ಇಳಿದಿದ್ದೆ. ಒಂದೇ ದಿನದಲ್ಲಿ ಆ ಗತ್ತು ಇಳಿಯಿತು. ಅಲ್ಲಿನ ಸಣ್ಣ ಅಂಗಡಿಯವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ವೈನಿ ಹೈದರಾಬಾದಿನ ತಮ್ಮ ದಖನಿ ಉರ್ದುವಿನಲ್ಲೇ ಶುರು ಮಾಡಿದರು. ಸಾಬೂನು, ಶಕ್ಕರ್, ಹವಾ, ದುನಿಯಾ, ದುಕಾನ್. ಅಲ್ಲಿನ ಭಾಷೆಯಲ್ಲೂ ಇವೇ ಮಾತುಗಳಿವೆ. ಅಂಗಡಿಯವರು ಅರ್ಧ ಮಾತನ್ನು ಹಿಡಿದುಕೊಂಡು ಉಳಿದರ್ಧ ನಕ್ಕು ಮುಗಿಸುತ್ತಿದ್ದರು. ಉಪ್ಪು ಹಾಕಿದ ಮಜ್ಜಿಗೆ ಆ ಊರಲ್ಲಿ ಗಲ್ಲಿಗಲ್ಲಿಯಲ್ಲಿ ಸಿಗುತ್ತದೆ. ಅದನ್ನು ಕುಡಿದ ಮೇಲೆ ವೈನಿ ಆ ದೇಶದ ಮೇಲಿನ ಅನುಮಾನವನ್ನೆಲ್ಲ ಬಿಟ್ಟುಬಿಟ್ಟರು.

ಚಹಾದ್ದೊಂದು ಫಜೀತಿ. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ತಂದಿಡುತ್ತಾರೆ. ಮುಗಿದ ಕೂಡಲೇ ಮತ್ತೊಂದು. ಸಾಕೆಂದು ವೈನಿ ನಮ್ಮ ರೀತಿಯಲ್ಲಿ ತಲೆ ಅಲ್ಲಾಡಿಸಿದರೆ ಆ ಮನುಷ್ಯ ಮತ್ತೊಂದು ತಂದ. ಐದನೆಯ ಲೋಟಕ್ಕೆ ಪಕ್ಕದ ಮೇಜಿನ ಮುದುಕ ಎದ್ದು ಬಂದು, ವೈನಿಯ ಲೋಟದ ಬಾಯಿಯ ಮೇಲೆ ಚಮಚವನ್ನು ಅಡ್ಡಲಾಗಿಟ್ಟು ತನ್ನ ಜಾಗಕ್ಕೆ ಹೋಗಿ ಕುಳಿತ. ಅಲ್ಲಿ ಸಾಕು ಎನ್ನುವುದು ಹಾಗೆ. ವೈನಿ ಆಮೇಲೆ ಎಲ್ಲಿ ಕುಳಿತರೂ ಮೊದಲು ಚಮಚ ಹುಡುಕುತ್ತಿದ್ದರು.

ಬಜಾರು

ಎರಡನೆಯ ದಿನ ನನ್ನ ಚಟ ನನ್ನನ್ನು ಕೆಡಿಸಿತು. ಹಳೆಯ ಬಜಾರಿನ ಒಂದು ಮೂಲೆಯಲ್ಲಿ ತಾಮ್ರದ ಹೂಜಿ, ದೀಪ, ಜಪದ ತಸಬಿ ಸರ ಮಾರುವ ಅಂಗಡಿ ಕಂಡಿತು. ಕೊಳ್ಳುವ ಉದ್ದೇಶ ನನಗಿರಲಿಲ್ಲ, ದೇವರಾಣೆ. ಆದರೆ ಕೋಠಿಯಲ್ಲಿ ಹಳೆ ಪುಸ್ತಕದ ರಾಶಿ ಕಂಡರೆ ಕೈಹಾಕುವ ಅಭ್ಯಾಸ ಇಲ್ಲೂ ಬಿಡಲಿಲ್ಲ. ಹಳೆಯ ನಾಣ್ಯ ಇವೆಯೇ ಎಂದು ಕೇಳಿದೆ. ಅಂಗಡಿಯವನು ಹುಬ್ಬು ಮೇಲೆತ್ತಿ ನಾಲಿಗೆಯಿಂದ ಟಕ್ ಎಂದು ಸದ್ದು ಮಾಡಿದ. ಅದು ಇಲ್ಲ ಎಂಬ ಮಾತು. ನಾನು ಅದನ್ನು ಸಲಿಗೆಯ ಚೌಕಾಸಿ ಎಂದು ತಿಳಿದೆ. ನನ್ನ ಟಿಪ್ಪಣಿ ಪುಸ್ತಕ ತೆಗೆದು, ಪ್ರೊಕೋಪಿಯಸ್ಸನ ಹೆಸರು ಮತ್ತು ನಾನೇ ಬರೆದ ನಾಣ್ಯದ ಚಿತ್ರ ತೋರಿಸಿದೆ.

ಅವನ ಮುಖ ಬಿಗಿಯಿತು. ಎದ್ದು ಬಾಗಿಲಿಗೆ ಬಂದು ಎರಡೂ ಕಡೆ ನೋಡಿದ. ಆಮೇಲೆ ಮೆಲ್ಲಗೆ, ಸಾಕಷ್ಟು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದ. "ಅಮ್ಮಾ, ಆ ಪುಸ್ತಕ ಚೀಲಕ್ಕೆ ಹಾಕಿ. ನಮ್ಮಲ್ಲಿ ನೆಲದಿಂದ ಬಂದದ್ದು ಒಂದು ಕಲ್ಲಾದರೂ ಸರಕಾರದ್ದು. ಅದನ್ನು ಹೊರಗೆ ಒಯ್ದವರು ವರ್ಷಗಟ್ಟಲೆ ಒಳಗೆ ಕೂರುತ್ತಾರೆ. ನೀವು ಕೇಳಿದ್ದನ್ನು ನಾನು ಕೇಳಿಸಿಕೊಂಡಿಲ್ಲ."

ನಾವು ಹೊರಬಿದ್ದೆವು. ಹತ್ತು ಹೆಜ್ಜೆ ಹೋಗಿರಲಿಲ್ಲ, ಚರ್ಮದ ಜಾಕೀಟು ತೊಟ್ಟವನೊಬ್ಬ ಪಕ್ಕಕ್ಕೆ ಬಂದು ಅಂಗೈ ಬಿಚ್ಚಿದ. ಆರೇಳು ಹಸಿರು ಬಿಲ್ಲೆಗಳು. ದೂರದಿಂದಲೇ ನಕಲಿ ಎಂದು ಗೊತ್ತಾಗುತ್ತಿತ್ತು. ಅಂಗಡಿಯಲ್ಲಿ ನಾನು ಕೇಳಿದ್ದು ಇವನಿಗೆ ಹೇಗೆ ತಿಳಿಯಿತು? ಇನ್ನೂ ಯಾರಿಗೆಲ್ಲ ತಿಳಿದಿದೆ? ವೈನಿ ನನ್ನ ರಟ್ಟೆ ಹಿಡಿದು ಟ್ರಾಮಿನವರೆಗೆ ಎಳೆದುಕೊಂಡು ಹೋದರು.

"ಮನ್ಯಾಗ ಇದ್ದದ್ದ ಸಾಲಂಗಿಲ್ಲೇನು ನಿನಗ? ಪರದೇಶದಾಗ ಪೊಲೀಸರ ಕೈಯಾಗ ಸಿಕ್ಕೊಂಡ್ರ ಯಾರ ಬರ್ತಾರ ಬಿಡಸಾಕ?"

ಇನ್ನು ಯಾರನ್ನೂ ಏನೂ ಕೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ಮುಂದೆ ಎರಡು ದಿನ, ಹಿಂದೆ ಯಾರಾದರೂ ಕೆಮ್ಮಿದರೂ ನಾನು ತಿರುಗಿ ನೋಡುತ್ತಿದ್ದೆ.

ಕಮಾನಿನ ಕೆಳಗೆ

ಆ ಊರಿನ ನಡುವೆ ಎರಡು ಅಂತಸ್ತಿನ ಕಲ್ಲಿನ ಕಮಾನುಗಳ ಸಾಲು ನಿಂತಿದೆ. ಮೇಲೆ ಹಿಂದೆ ನೀರು ಹರಿಯುತ್ತಿತ್ತು, ಕೆಳಗೆ ಈಗ ಬಸ್ಸುಗಳು ಹರಿಯುತ್ತವೆ. ಪ್ರೊಕೋಪಿಯಸ್ಸನನ್ನು ಸೋಲಿಸಿದ ವ್ಯಾಲೆನ್ಸನ ಹೆಸರಿನ ಕಾಲುವೆ ಅದು. ಸಮುದ್ರದ ಆಚೆ ದಡದ ಊರಿನವರು ದಂಗೆಕೋರನ ಪಕ್ಷ ವಹಿಸಿದ್ದರು. ಗೆದ್ದ ಮೇಲೆ ವ್ಯಾಲೆನ್ಸ್ ಆ ಊರಿನ ಕೋಟೆಗೋಡೆ ಕೆಡವಿಸಿ, ಆ ಕಲ್ಲನ್ನೇ ತಂದು ಇಲ್ಲಿ ಕಟ್ಟಿಸಿದನೆಂದು ಹಳೆಯ ಬರಹಗಾರರು ಹೇಳುತ್ತಾರೆ. ಸೇಡು ತೀರಿಸಿಕೊಂಡಂತೆಯೂ ಆಯಿತು, ನೀರು ತಂದಂತೆಯೂ ಆಯಿತು.

ವೈನಿಗೆ ಈ ಕಥೆ ಹೇಳಿದೆ. ಅವರು ಕುತ್ತಿಗೆ ಎತ್ತಿ ಕಲ್ಲು ನೋಡುತ್ತ ಕೇಳಿದರು. "ನಿನ್ನ ಗಡ್ಡದಾಂವನ್ನ ಹಿಡದದ್ದು ಹೆಂಗ?"

"ಸೋತು ಅಡವಿಗೆ ಓಡಿ ಹೋಗಿದ್ದ್ರಿ. ಜೋಡಿ ಇಬ್ಬರ ಇದ್ದರು. ರಾತ್ರಿ ಕಳಿಯೂದ್ರಾಗ ಅವರೇ ಅವನ ಕೈಕಾಲು ಕಟ್ಟಿ ಒಯ್ದು ಒಪ್ಪಿಸಿಬಿಟ್ರು."

"ಜೋಡಿ ಇದ್ದವರೇ?"

"ಹೂಂರಿ. ತಮ್ಮ ಜೀವ ಉಳೀಲಿ ಅಂತ."

"ಉಳೀತೇನು?"

"ಇಲ್ಲರಿ. ವ್ಯಾಲೆನ್ಸ್ ಅವರ ತಲೀನೂ ತೆಗಿಸಿದ."

"ಆಗಬೇಕಾದ್ದ ಆತು ಬಿಡು," ಎಂದು ವೈನಿ ರಸ್ತೆ ದಾಟಲು ನನ್ನ ಕೈ ಹಿಡಿದರು.

ವಿಮಾನ ನಿಲ್ದಾಣ

ಮರಳುವ ದಿನ ನಿಲ್ದಾಣದ ಹೊರಬಾಗಿಲಲ್ಲೇ ಸಾಮಾನಿನ ತಪಾಸಣೆ. ಲಿಂಗಂಪಲ್ಲಿಯ ಲೋಕಲ್ ರೈಲು ಹತ್ತುವವರಂತೆ ಜನ ಒತ್ತಿಕೊಂಡು ನಿಂತಿದ್ದರು. ನನ್ನ ಚೀಲ ದಾಟಿತು. ವೈನಿಯ ಕೈಚೀಲ ಯಂತ್ರದೊಳಗೆ ಹೋಗಿ, ನಿಂತು, ಹಿಂದಕ್ಕೆ ಬಂದು, ಮತ್ತೆ ಒಳಗೆ ಹೋಯಿತು. ಪರದೆ ನೋಡುತ್ತಿದ್ದವನು ಬೆರಳಿನಿಂದ ಏನನ್ನೋ ತೋರಿಸಿದ. ಕೂದಲು ಬಿಗಿಯಾಗಿ ಕಟ್ಟಿದ ಒಬ್ಬ ಮಹಿಳಾ ಅಧಿಕಾರಿ ಬಂದಳು. ಮೂವತ್ತೈದರ ಒಳಗಿನ ವಯಸ್ಸು. ಕೈಗವಸು ಹಾಕಿಕೊಂಡು, ವೈನಿಯ ಸೀರೆ, ಶಾಲು, ಚಕ್ಕುಲಿಯ ಡಬ್ಬಿ ಒಂದೊಂದೇ ತೆಗೆದಿಟ್ಟಳು. ಕೊನೆಗೆ ಹಸಿರು ಖಣದ ಗಂಟು ಬಂತು.

ವೈನಿ ಮುಂದೆ ಕೈಚಾಚಿದರು. "ಅದನ್ನ ಬಿಚ್ಚಬಾರದವ್ವಾ."

ಆಕೆ ಬಿಚ್ಚಿದಳು. ಸ್ಟೀಲಿನ ತಟ್ಟೆಯ ಮೇಲೆ ಅಕ್ಕಿ ಸುರಿಯಿತು. ಅರಿಷಿಣ ಕೊಂಬು, ಅಡಿಕೆ, ಉತ್ತತ್ತಿ. ಬೆರಳಿನಿಂದ ಅಕ್ಕಿಯನ್ನು ಸರಿಸಿದಾಗ ಕಂದು ಬಣ್ಣದ ಒಂದು ಬಿಲ್ಲೆ ಮೇಲೆ ಬಂತು. ಎಡಕ್ಕೆ ತಿರುಗಿದ ಮುಖ. ಗಡ್ಡದ ಕೆಳಗೆ ಇಲಿ ಕಡಿದಂಥ ಕಚ್ಚು.

ಒಂದು ಕ್ಷಣದಲ್ಲಿ ಎಲ್ಲ ಹೊಳೆಯಿತು. ಅವ್ವ ತಾಮ್ರದ ದುಡ್ಡು ಹುಡುಕಿದ್ದು, ಪತ್ರಿಕೆಯ ಹಾಳೆಯ ಮೇಲೆ ಸಿಕ್ಕದ್ದು, ನಾನು ಕಪಾಟಿಗೆ ಹಾಕಿದೆನೆಂದು ನಂಬಿದ್ದು. ಇದೆಲ್ಲ ನನಗೆ ಹೊಳೆಯಿತು. ಆದರೆ ಆಕೆಗೆ ಕಂಡದ್ದು ಬೇರೆ. ಈ ಊರಿನಲ್ಲೇ ಹೊಡೆದ, ಸಾವಿರ ವರ್ಷಕ್ಕೂ ಹಳೆಯ ನಾಣ್ಯವನ್ನು ಅಕ್ಕಿಯೊಳಗೆ ಹೂತು, ಬಟ್ಟೆಯಲ್ಲಿ ಕಟ್ಟಿ, ಚೀಲದ ತಳದಲ್ಲಿ ಬಚ್ಚಿಟ್ಟು, ದೇಶ ಬಿಟ್ಟು ಹೊರಟ ಇಬ್ಬರು ಹೆಂಗಸರು. ಒಬ್ಬಳ ಚೀಲದಲ್ಲಿ ಅಂಥದೇ ನಾಣ್ಯದ ಚಿತ್ರವಿರುವ ಪುಸ್ತಕ.

ಅಧಿಕಾರಿ ನಾಣ್ಯವನ್ನು ಎತ್ತಿ ನನ್ನ ಮುಖಕ್ಕೆ ಹಿಡಿದಳು. "ನಿಮ್ಮದೇ?"

"ನೋ," ಎಂದೆ.

"ಇದೇನೆಂದು ಗೊತ್ತೆ?"

"ನೋ."

ಯೋಚಿಸಿ ಹೇಳಿದ್ದಲ್ಲ. ಬಿಸಿ ತಗುಲಿದ ಕೈ ಹಿಂದೆ ಬರುವ ಹಾಗೆ ಬಂದುಬಿಟ್ಟಿತು. ಆದರೆ ಹೇಳಿದ ಮೇಲೆ ತಿದ್ದಿಕೊಳ್ಳಲು ಬೇಕಾದಷ್ಟು ಹೊತ್ತು ಇತ್ತು. ನಾನು ತಿದ್ದಿಕೊಳ್ಳಲಿಲ್ಲ.

ವೈನಿ ನನ್ನ ಮುಖ ನೋಡಿದರು. ನಾಣ್ಯ ನೋಡಿದರು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು ಅಧಿಕಾರಿಗೆ ಹೇಳಿದರು. "ನಂದ್ರಿ. ಮೇರಾ ಹೈ."

ಆಕೆ ವೈನಿಯನ್ನು ಗಾಜಿನ ಬಾಗಿಲಿನ ಒಳಕೋಣೆಗೆ ಕರೆದುಕೊಂಡು ಹೋದಳು. ನನಗೆ ಹೊರಗಿನ ಬೆಂಚು ತೋರಿಸಿದರು. ಗಾಜಿಗೆ ಅರ್ಧ ಬಣ್ಣ ಬಳಿದಿತ್ತು, ಮೇಲಿನ ಅರ್ಧದಲ್ಲಿ ವೈನಿಯ ತುರುಬು ಮತ್ತು ಒಂದು ಹೆಗಲು ಮಾತ್ರ ಕಾಣುತ್ತಿತ್ತು. ಇಬ್ಬರು ಬಂದು ಒಳಗೆ ಹೋದರು. ಒಬ್ಬನ ಕೈಯಲ್ಲಿ ಕಾಗದಗಳಿದ್ದವು. ಬಾಗಿಲು ತೆರೆದಾಗ ವೈನಿಯ ಪಾಸ್‌ಪೋರ್ಟ್ ಮೇಜಿನ ಮೇಲೆ ಇಟ್ಟದ್ದು ಕಂಡಿತು.

ಆ ಬೆಂಚಿನ ಮೇಲೆ ಕುಳಿತು ನಾನು ಏನೇನು ಲೆಕ್ಕ ಹಾಕಿದೆ ಎಂದು ಬರೆಯಬೇಕು, ಇಲ್ಲದಿದ್ದರೆ ಈ ಕಥೆ ಬರೆಯುವುದೇ ಬೇಡ. ನಂದೆಂದು ಒಪ್ಪಿಕೊಂಡರೆ ಸಂಗ್ರಹಗಾರ್ತಿ ಎಂದು ತಿಳಿಯುತ್ತದೆ. ಬಜಾರಿನಲ್ಲಿ ಕೇಳಿದ್ದು ಹೊರಬೀಳುತ್ತದೆ. ವೈನಿಯಾದರೆ ವಯಸ್ಸಾದವರು, ಭಾಷೆ ಬಾರದವರು, ಪಾಪ ಎಂದು ಬಿಟ್ಟಾರು. ಹೈದರಾಬಾದಿನಿಂದ ತಂದದ್ದು ಎಂದರೆ ನಮ್ಮ ದೇಶದ ಕಾನೂನು ಬೇರೆ ಕಾದಿರುತ್ತದೆ. ನೌಕರಿ ಹೋಗುತ್ತದೆ. ಹೀಗೆ ಒಂದೊಂದೇ. ಪ್ರತಿ ಲೆಕ್ಕದ ಕೊನೆಗೂ ಹೊರಗಿದ್ದವಳು ನಾನು, ಒಳಗಿದ್ದವರು ವೈನಿ. ಕಮಾನಿನ ಕೆಳಗೆ ನಾನೇ ಹೇಳಿದ ಕಥೆಯಲ್ಲಿ ಜೊತೆಗಿದ್ದು ಕೈಕಾಲು ಕಟ್ಟಿದವರು ಇದೇ ಲೆಕ್ಕ ಹಾಕಿರಬೇಕು. ಇಪ್ಪತ್ತು ವರ್ಷ ದಂಗೆಕೋರರ ಪಕ್ಷ ವಹಿಸಿ ಓದಿದ್ದೇನೆ. ಹೊತ್ತು ಬಂದಾಗ ನಾನು ನಿಂತದ್ದು ಆ ಇಬ್ಬರ ಪಕ್ಕದಲ್ಲಿ. ನನ್ನ ಮೇಲೆ ನನಗೆ ಅಷ್ಟು ಹೇಸಿಗೆ ಹಿಂದೆಂದೂ ಆಗಿರಲಿಲ್ಲ.

ಆದರೂ ಏಳಲಿಲ್ಲ. ಇಪ್ಪತ್ತು ನಿಮಿಷವಾದರೂ ಕುಳಿತೇ ಇದ್ದೆ. ನಮ್ಮ ವಿಮಾನದ ಹೆಸರು ಕೂಗಿದರು.

ಒಳಕೋಣೆ

ಕೊನೆಗೆ ಆ ಅಧಿಕಾರಿಯೇ ಬಂದು ಕರೆದಳು. ಒಳಗಿರುವವರ ಭಾಷೆ ತಮಗೆ ಯಾರಿಗೂ ತಿಳಿಯುತ್ತಿಲ್ಲ, ನೀವು ಅನುವಾದ ಮಾಡಬೇಕು ಎಂದಳು.

ಕೋಣೆಯಲ್ಲಿ ನಿಂಬೆಯ ವಾಸನೆ. ಅಲ್ಲಿ ಬಂದವರ ಅಂಗೈಗೆ ನಿಂಬೆ ವಾಸನೆಯ ಅತ್ತರಿನ ನೀರು ಸುರಿಯುವ ಪದ್ಧತಿ. ಆರೋಪ ಹೊತ್ತವರಿಗೂ ಸುರಿಯುತ್ತಾರೆ ಎಂದು ಅಂದು ತಿಳಿಯಿತು. ವೈನಿಯ ಮುಂದೆ ಚಹಾ ಇತ್ತು. ಮುಟ್ಟಿರಲಿಲ್ಲ, ಲೋಟದ ಮೇಲೆ ಚಮಚ ಅಡ್ಡ ಇಟ್ಟಿದ್ದರು. ಮೇಜಿನ ಮೇಲೆ ಅಕ್ಕಿಯ ತಟ್ಟೆ, ಅದರ ಪಕ್ಕ ಪಾರದರ್ಶಕ ಚೀಲದೊಳಗೆ ಪ್ರೊಕೋಪಿಯಸ್.

"ಇದು ಯಾರದು, ಎಲ್ಲಿಂದ ಬಂತು ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳುತ್ತೇವೆ. ಆಮೇಲೆ ಅವರು ಸಹಿ ಮಾಡಬೇಕು," ಎಂದಳು ಅಧಿಕಾರಿ.

ನಾನು ಕೇಳಿದೆ. ವೈನಿ ನನ್ನ ಕಡೆ ನೋಡದೆ, ಗೋಡೆಗೆ ಹೇಳುವವರ ಹಾಗೆ ಮೆಲ್ಲಗೆ ಮಾತಾಡಿದರು.

"ಇದು ನಿನ್ನ ಗುಳಿಗಿ ಚೀಟ್ಯಾಗಿಂದು. ಹೊರಗ ಆಕಿ ತಾಟಿನ್ಯಾಗ ಸುರದ ಕೂಡ್ಲೆ ಗುರ್ತು ಹಿಡದೆ. ಅತ್ತಿಯವರಿಗೆ ಕಣ್ಣ ಕಾಣಂಗಿಲ್ಲ, ಹಳೀ ದುಡ್ಡ ಅಂತ ಹಾಕ್ಯಾರ. ಅವರ ಹೆಸರ ಇದರಾಗ ತರಬ್ಯಾಡ. ಎಂಬತ್ತೈದರ ಜೀವ, ತನ್ನಿಂದ ಹಿಂಗಾತು ಅಂತ ತಿಳದ್ರ ಉಳಿಯಂಗಿಲ್ಲ. ನಿಂದೂ ನೌಕರಿ ಐತಿ. ನಂದು ಅಂತ ಬರಸು. ನಾ ಸಹಿ ಮಾಡ್ತೀನಿ."

"ವೈನಿ—"

"ಬರಸು, ಸರೂ."

ನಾನು 'ನೋ' ಎಂದಾಗಲೇ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದರು.

ಅಧಿಕಾರಿ ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದೆ. "ಇದು ನನ್ನದು. ಹೊರಗೆ ನಿಮಗೆ ಸುಳ್ಳು ಹೇಳಿದೆ. ನಾನು ನಾಣ್ಯ ಸಂಗ್ರಹಿಸುವವಳು. ಇದು ನನ್ನ ಮನೆಯ ಮೇಜಿನ ಮೇಲಿತ್ತು. ತಿಳಿಯದೆ ಇವರ ಗಂಟಿಗೆ ಸೇರಿದೆ. ಇವರಿಗೆ ಇದರ ಬಗ್ಗೆ ಏನೂ ಗೊತ್ತಿಲ್ಲ."

ಅವಳು ಪೆನ್ನು ಕೆಳಗಿಟ್ಟಳು. "ಸುಳ್ಳು ಹೇಳಿದವರ ಎರಡನೆಯ ಮಾತನ್ನು ನಾನು ಯಾಕೆ ನಂಬಬೇಕು?"

ನ್ಯಾಯವಾದ ಮಾತು. ಫೋನು ತೆಗೆದು ಆ ಫೋಟೋ ತೋರಿಸಿದೆ. ಊಟದ ಮೇಜು, ಪತ್ರಿಕೆಯ ಹಾಳೆ, ಅದರ ಮೇಲೆ ನಾಣ್ಯ, ಅಂಚಿನಲ್ಲಿ ಅವ್ವನ ಕನ್ನಡಕ. ನಾವು ಅವರ ದೇಶಕ್ಕೆ ಕಾಲಿಡುವ ಹಿಂದಿನ ದಿನದ ಫೋಟೋ. ಹೊರಗೆ ಬೆಂಚಿನ ಮೇಲೆ ಕುಳಿತು ಅಷ್ಟೆಲ್ಲ ಲೆಕ್ಕ ಹಾಕಿದವಳಿಗೆ ಇದು ಕೈಯಲ್ಲೇ ಇದೆ ಎಂದು ಹೊಳೆದಿರಲಿಲ್ಲ. ತಮ್ಮನ್ನು ಉಳಿಸಿಕೊಳ್ಳುವುದನ್ನೇ ಯೋಚಿಸುವವರ ತಲೆ ಅಷ್ಟೇ ಓಡುತ್ತದೆ ಎಂದು ಕಾಣುತ್ತದೆ.

ಫೋಟೋ ಒಂದರಿಂದ ಮುಗಿಯಲಿಲ್ಲ. ಫೋಟೋದಲ್ಲಿರುವುದು ಇದೇ ನಾಣ್ಯವೇ, ಅಂಥದೇ ಇನ್ನೊಂದೇ ಎಂದು ಬಲ್ಲವರು ನೋಡಬೇಕು ಎಂದರು. ಮ್ಯೂಸಿಯಮ್ಮಿನಿಂದ ಒಬ್ಬರನ್ನು ಕರೆಸಿದರು. ಅವರು ಬರುವಷ್ಟರಲ್ಲಿ ನಮ್ಮ ವಿಮಾನ ಹೋಗಿತ್ತು. ಎರಡೂವರೆ ಗಂಟೆ ನಾವು ಎದುರುಬದುರು ಕುಳಿತಿದ್ದೆವು. ಅಣ್ಣನಿಗೆ ಫೋನು ಹಚ್ಚಿ, ಅವ್ವನ ಕಿವಿಗೆ ಬೀಳದಂತೆ, ಕಪಾಟಿನ ಕೀಲಿ ಇರುವ ಜಾಗ ಹೇಳಿ, ಒಳಗಿನ ಲಂಡನ್ನಿನ ಬಿಲ್ಲು ಹುಡುಕಿ ಫೋಟೋ ಕಳಿಸು ಎಂದೆ. ಕಾರಣ ಕೇಳಬೇಡ ಎಂದೆ. ಅವನು ಕುಂಟುತ್ತ ಹೋಗಿ ಹುಡುಕಿ ಕಳಿಸಿದ.

ಮ್ಯೂಸಿಯಮ್ಮಿನವರು ಬಿಳಿ ಮೀಸೆಯ ಮನುಷ್ಯ. ಮಾತಿಲ್ಲದೆ ಕುಳಿತು ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ನಾಣ್ಯ ನೋಡಿದರು, ಫೋಟೋ ದೊಡ್ಡದು ಮಾಡಿ ನೋಡಿದರು, ಮತ್ತೆ ನಾಣ್ಯ. ಗಡ್ಡದ ಕೆಳಗಿನ ಕಚ್ಚು, ಒಂದು ಅಕ್ಷರದ ಮುರಿದ ಕಾಲು, ಹಿಂಬದಿಯ ಕಲೆ. ಒಂದೊಂದಕ್ಕೂ ಬೆರಳಿಟ್ಟು ಅಧಿಕಾರಿಗೆ ತೋರಿಸಿದರು. ಆ ಬೆರಳು ಎಲ್ಲಿ ನಿಲ್ಲುತ್ತದೋ ಎಂದು ನಾನು ನೋಡುತ್ತಿದ್ದೆ. ಕೊನೆಗೆ ಪತ್ರಿಕೆಯ ಅಕ್ಷರ ತೋರಿಸಿ, ಈ ದುಂಡನೆಯ ಲಿಪಿ ಯಾವುದು ಎಂದು ಕೇಳಿದರು. ಕನ್ನಡ ಎಂದೆ. ತಲೆಯಾಡಿಸಿ ಅದನ್ನೂ ಬರೆದುಕೊಂಡರು.

"ನಾಣ್ಯ ಅದೇ," ಎಂದರು. "ಆದರೆ ನಾಣ್ಯ ಅಕ್ಕಿಯೊಳಗೆ ಯಾಕೆ?"

ಉಡಿ ಎಂದರೇನು ಎಂದು ಇಂಗ್ಲಿಷಿನಲ್ಲಿ ಹೇಳಲು ಹೊರಟು ನಾನು ಎಡವಿದೆ. ಫಲ ಎಂದೆ, ಶುಭ ಎಂದೆ, ಮನೆತನ ಎಂದೆ. ಯಾರಿಗೂ ಏನೂ ತಿಳಿಯಲಿಲ್ಲ. ವೈನಿ ಅಧಿಕಾರಿಯ ಕಡೆ ತಿರುಗಿ ದಖನಿಯಲ್ಲಿ ಹೇಳಿದರು. "ಘರ್ ಕೀ ಅಮಾನತ್ ಹೈ, ಬೇಟಾ. ಜೈಸೀ ಲೇಕೆ ಗಯೀ, ವೈಸೀಚ್ ವಾಪಸ್ ಲಾನಾ."

"ಎಮಾನೆತ್," ಎಂದು ಅಧಿಕಾರಿ ತನ್ನ ಭಾಷೆಯಲ್ಲಿ ಆ ಮಾತನ್ನು ಹೇಳಿಕೊಂಡಳು. ಮನೆಯವರು ಒಪ್ಪಿಸಿದ್ದು, ಒಯ್ದ ಹಾಗೇ ಮರಳಿ ತರಬೇಕು ಎಂದಿದ್ದರು ವೈನಿ; ಅವರಲ್ಲೂ ಅದು ಕಾಪಾಡಿ ಮರಳಿಸಬೇಕಾದ ವಸ್ತು. ಅವಳ ಮುಖ ಸ್ವಲ್ಪ ಸಡಿಲಾಯಿತು.

ಆದರೂ ನಾಣ್ಯವನ್ನು ಬಿಡಲಿಲ್ಲ. ದೇಶದೊಳಗೆ ಬರುವಾಗಲೇ ಹೇಳಿಕೊಳ್ಳಬೇಕಿತ್ತು, ಹೇಳಿಲ್ಲ, ಆದ್ದರಿಂದ ಅದು ಇಲ್ಲೇ ಉಳಿಯುತ್ತದೆ ಎಂದರು. ನಾನು ವಾದಿಸಲಿಲ್ಲ. ಸುಳ್ಳು ಹೇಳಿದ್ದಕ್ಕೆ ಒಂದು ಕಾಗದ, ನಾಣ್ಯ ಬಿಟ್ಟುಕೊಟ್ಟದ್ದಕ್ಕೆ ಇನ್ನೊಂದು, ಎರಡಕ್ಕೂ ಸಹಿ ಮಾಡಿದೆ. ಅಷ್ಟು ವರ್ಷ ಜೋಪಾನ ಮಾಡಿದ್ದನ್ನು ಬಿಟ್ಟು ಬರುವಾಗ ದುಃಖವಾಗಬೇಕಿತ್ತು. ಆ ಕಡೆ ತಿರುಗಿ ನೋಡುವ ಮನಸ್ಸೂ ಇರಲಿಲ್ಲ.

ವೈನಿ ಅಕ್ಕಿಯನ್ನು ಮತ್ತೆ ಖಣಕ್ಕೆ ತುಂಬುತ್ತಿದ್ದಾಗ ಕೆಲವು ಕಾಳು ನೆಲಕ್ಕೆ ಬಿದ್ದವು. ಆ ಅಧಿಕಾರಿ ಕೈಗವಸು ಬಿಚ್ಚಿ, ಕೆಳಗೆ ಕೂತು, ಒಂದೊಂದೇ ಆರಿಸಿ ವೈನಿಯ ಕೈಗೆ ಹಾಕಿದಳು. ಅವರಲ್ಲಿ ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವುದನ್ನು ನಾನು ಬೀದಿಯಲ್ಲಿ ನೋಡಿದ್ದೆ.

ಮೋಡದ ಮೇಲೆ

ಬೇರೆ ವಿಮಾನ ಸಿಕ್ಕಿತು. ವೈನಿ ಕಿಟಕಿಯ ಪಕ್ಕ, ನಾನು ನಡುವಿನ ಸೀಟು. ಕೆಳಗೆ ಗುಡ್ಡಗಳು, ಆಮೇಲೆ ಮರಳು. ಊಟ ಬಂತು. ಅವರು ಮುಚ್ಚಳ ತೆಗೆಯಲಿಲ್ಲ.

"ವೈನಿ," ಎಂದೆ. "ಹೊರಗ ಆಕಿ ಮೊದಲ ಸಲ ಕೇಳಿದಾಗ ನಾ ನಂದಲ್ಲ ಅಂದೆ. ಎರಡ ಸಲ ಅಂದೆ. ನೀವು ಒಳಗ ಹೋದ ಮ್ಯಾಲೂ ಸುಮ್ಮನ ಕುಂತಿದ್ದೆ."

"ಗೊತ್ತೈತಿ," ಎಂದರು. "ನಾ ನಿನ್ನ ಮಗ್ಗಲಕ್ಕ ನಿಂತಿದ್ದೆ. ನೋ ಅಂದ್ರ ಏನಂತ ನನಗೂ ತಿಳೀತೈತಿ."

"ತಪ್ಪಾತ್ರಿ."

ಅವರು ಶಾಲನ್ನು ಕತ್ತಿನವರೆಗೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದರು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಹೈದರಾಬಾದು ಮುಟ್ಟುವ ತನಕ, ಟ್ಯಾಕ್ಸಿಯಲ್ಲಿ ತಾರ್ನಾಕಕ್ಕೆ ಬರುವ ತನಕ, ಬಂದು ಎರಡು ದಿನ ಕಳೆದರೂ ವೈನಿ ನನ್ನ ಜೊತೆ ಮಾತಾಡಲಿಲ್ಲ. ಚಹಾ ಇಡುತ್ತಿದ್ದರು, ತಾಟು ಇಡುತ್ತಿದ್ದರು. ಕರೆಯುತ್ತಿರಲಿಲ್ಲ.

ಮನೆ

ಮೂರನೆಯ ದಿನ ಶುಕ್ರವಾರ. ಅವ್ವ ಸ್ನಾನ ಮುಗಿಸಿ ದೇವರ ಮುಂದೆ ಕುಳಿತು ಉಡಿಯ ಗಂಟು ತರಿಸಿದಳು. ವೈನಿ ಬಿಚ್ಚಿದರು. ಅವ್ವ ಅಕ್ಕಿಯಲ್ಲಿ ಬೆರಳಾಡಿಸಿದಳು. ಅರಿಷಿಣ ಕೊಂಬು ಎಣಿಸಿದಳು, ಅಡಿಕೆ ಎಣಿಸಿದಳು. ಮತ್ತೆ ಬೆರಳಾಡಿಸಿದಳು.

"ದುಡ್ಡ ಎಲ್ಲಿ?"

ಅಣ್ಣ ನನ್ನ ಮುಖ ನೋಡಿದ.

"ಎಲ್ಲೋ ಬಿತ್ತ್ರಿ ಅತ್ತಿ," ಎಂದರು ವೈನಿ. ಒಂದು ಚೂರೂ ತಡವರಿಸಲಿಲ್ಲ. "ಗಂಟ ಸಡ್ಲಾಗಿತ್ತು. ನಾನ ಕಳದೆ."

ಅವ್ವ ತಲೆಯೆತ್ತಿದಳು. "ಉಡೀ ದುಡ್ಡ ಕಳೀತಾರೇನು? ನಲವತ್ತ ವರ್ಷ ಸಂಸಾರ ಮಾಡಿ ಒಂದು ಗಂಟ ಕಟ್ಟಾಕ ಬರಲಿಲ್ಲೇನು ನಿನಗ? ಇಷ್ಟು ಬೇಖಬರಿ ಇದ್ದೀ ಅಂತ ಗೊತ್ತಿದ್ರ—"

ವೈನಿ ತಲೆ ತಗ್ಗಿಸಿ ಕುಳಿತಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಅವ್ವನ ಬೈಗುಳಕ್ಕೆ ಜೈಲಿಲ್ಲ.

"ವೈನಿ ಕಳದಿಲ್ಲ, ಅವ್ವಾ," ಎಂದೆ. "ಅಲ್ಲಿ ಗಂಟ ಬಿಚ್ಚೂವಂಗ ಆದದ್ದು ನನ್ನಿಂದ. ದುಡ್ಡ ಬಿಟ್ಟು ಬಂದಾಕಿನೂ ನಾ."

ಅವ್ವನ ಸಿಟ್ಟು ಪೂರಾ ನನ್ನ ಕಡೆ ತಿರುಗಿತು. ಓದಿದ್ದು, ನೌಕರಿ ಮಾಡಿದ್ದು, ಮದುವೆಯಾಗದೆ ಉಳಿದದ್ದು, ಮನೆ ತುಂಬ ಹಳೆ ಬಿಲ್ಲೆ ಕೂಡಿಸಿಟ್ಟು ಒಂದು ಉಡಿಯ ದುಡ್ಡನ್ನು ಜೋಪಾನ ಮಾಡಲಾರದ್ದು, ಯಾವುದನ್ನೂ ಬಿಡಲಿಲ್ಲ.

ಬೈಗುಳ ಇನ್ನೂ ಮುಗಿದಿರಲಿಲ್ಲ, ವೈನಿ ಅಕ್ಕಿಯ ತಾಟನ್ನು ಎತ್ತಿಕೊಂಡು ಎದ್ದರು.

"ಸಾಕ ಬಿಡ್ರೀ ಅತ್ತಿ," ಎಂದರು. "ಒಪ್ಪಿಕೊಂಡಾಳಲ್ಲ ಆಕಿ."